ಕೀಲಿಮಣೆಯಲ್ಲಿ ಕನ್ನಡ ನೆಲೆ ಕಂಡ ಬಗೆ

ಕೀಲಿಮಣೆ ವಿನ್ಯಾಸದ ಚರ್ಚೆ ಮುಗಿದ ಕಥೆ ಎನ್ನುವವರು ಈಗ ಹೆಚ್ಚುತ್ತಿದ್ದಾರೆ. ಇಂಗ್ಲಿಷ್‌ನಲ್ಲಿ ಒತ್ತಿದರೆ ಕನ್ನಡ ಮೂಡುತ್ತದೆ, ಮಾತಾಡಿದರೂ ಮೂಡುತ್ತದೆ, ಇನ್ನು ವಿನ್ಯಾಸ ಯಾಕೆ ಎಂದು ಕೇಳುತ್ತಾರೆ. ಕನ್ನಡ ಅಕ್ಷರ ಜೋಡಿಸಿಯೇ ಅನ್ನ ಉಂಡ ನನಗೆ ಈ ಮಾತು ಒಪ್ಪಿಗೆಯಿಲ್ಲ.

ಮೊದಲ ಘಟ್ಟ ಬೆರಳಚ್ಚು ಯಂತ್ರದ್ದು. ಕೆ. ಅನಂತಸುಬ್ಬರಾಯರ ವಿನ್ಯಾಸ ಸರ್ಕಾರಿ ಕಚೇರಿಗಳಿಗೆ ಕನ್ನಡ ತಂದಿತು. ಅಲ್ಲಿ ಬೆರಳು ಒತ್ತುತ್ತಿದ್ದುದು ಅಕ್ಷರದ ತುಂಡುಗಳನ್ನು: ತಲೆಕಟ್ಟು, ಕೊಂಬು, ಒತ್ತು. ಕಂಪ್ಯೂಟರಿಗೆ ಆ ಹಂಗಿರಲಿಲ್ಲ.

ಎಂಬತ್ತರ ದಶಕದಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಭಾರತೀಯ ಲಿಪಿಗಳಿಗೆಲ್ಲ ಒಂದೇ ವಿನ್ಯಾಸವಿರಲಿ ಎಂದು ಇನ್‌ಸ್ಕ್ರಿಪ್ಟ್ ರೂಪಿಸಿತು. 1991ರಲ್ಲಿ ಅದು ಐಎಸ್ 13194 ಮಾನಕದೊಳಗೆ ಸೇರಿತು. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ದೆಹಲಿಯಿಂದ ನೋಡಿದರೆ ಅಚ್ಚುಕಟ್ಟು. ಆದರೆ 'ಪ' ಬೇಕಾದರೆ ಎಚ್, 'ತ' ಬೇಕಾದರೆ ಎಲ್ ಒತ್ತಬೇಕು. ಇಂಗ್ಲಿಷ್ ಮಣೆಯಲ್ಲಿ ಬೆರಳು ಪಳಗಿದವರಿಗೆ ಅದು ಎರಡನೇ ಅಕ್ಷರಾಭ್ಯಾಸವೇ ಸರಿ.

ದಾರಿ ತೆರೆದವರು ಕೆ.ಪಿ. ರಾವ್. ಟಿಐಎಫ್‌ಆರ್ ಸಂಶೋಧನಾ ಸಂಸ್ಥೆ, ಮುದ್ರಣ ಯಂತ್ರಗಳ ಮೊನೊಟೈಪ್ ಕಂಪನಿಗಳಲ್ಲಿ ದುಡಿದ ಅವರು ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡವನ್ನೆಲ್ಲ ಕೂರಿಸಿದರು. 'ಕನ್ನಡ' ಎಂದು ಬರೆಯಿರಿ: ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದು ಒತ್ತು, ಅಷ್ಟೇ. ಕೆ ಒತ್ತಿದೊಡನೆ ಪೂರ್ಣ 'ಕ' ಮೂಡುತ್ತದೆ, ಅಕಾರ ಅದರೊಳಗೇ ಇದೆ. ಎಫ್ ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿ. ಇದೇ ಪದವನ್ನು ಲಿಪ್ಯಂತರದಲ್ಲಿ ಬರೆದರೆ ಏಳು ಒತ್ತು, ಮನಸ್ಸಿನಲ್ಲಿ ರೋಮನ್ ಕಾಗುಣಿತ. ಈ ಎರಡನ್ನೂ 'ಇಂಗ್ಲಿಷ್‌ನಲ್ಲಿ ಟೈಪ್ ಮಾಡುವುದು' ಎಂದು ಒಂದೇ ತಕ್ಕಡಿಗೆ ಹಾಕುವುದು ಇಂದಿನ ದೊಡ್ಡ ತಪ್ಪು. ರಾವ್ ಅವರದು ಕನ್ನಡ ವರ್ಣಮಾಲೆಯ ತರ್ಕ; ಇಂಗ್ಲಿಷ್ ಅಕ್ಷರ ಬೆರಳಿಗೆ ಗುರುತು ಮಾತ್ರ.

ತೊಂಬತ್ತರ ದಶಕದಲ್ಲಿ ನಾವು ಪಟ್ಟ ಪಾಡು ಹೊಸಬರಿಗೆ ಗೊತ್ತಿಲ್ಲ. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತ, ಒಂದೊಂದು ಮಣೆ. ಒಂದು ಪ್ರೆಸ್ಸಿನಲ್ಲಿ ಜೋಡಿಸಿದ ಪುಸ್ತಕವನ್ನು ಇನ್ನೊಂದರಲ್ಲಿ ತೆರೆದರೆ ಪುಟ ತುಂಬ ಚಿತ್ತಾರ. ಇಡೀ ಕಾದಂಬರಿಯೊಂದನ್ನು ನಾನು ಹೀಗೆ ಎರಡನೇ ಸಲ ಟೈಪ್ ಮಾಡಿದ್ದೇನೆ. ಕನ್ನಡ ಗಣಕ ಪರಿಷತ್ತು ಏಕರೂಪತೆಗೆ ದುಡಿಯಿತು, ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು ಕನ್ನಡ ತಂತ್ರಾಂಶದ ಪರ ದನಿ ಎತ್ತಿದರು. ರಾಜ್ಯ ಸರ್ಕಾರ ರಾವ್ ಅವರ ವಿನ್ಯಾಸವನ್ನೇ ಮಾನಕವಾಗಿ ಒಪ್ಪಿತು, 'ನುಡಿ' ತಂತ್ರಾಂಶ ಬಂತು. ಸಂಕೇತದ ಜಗಳವನ್ನು ಮುಂದೆ ಯೂನಿಕೋಡ್ ಬಗೆಹರಿಸಿತು. ಲಿನಕ್ಸ್‌ನಲ್ಲಿ ಈ ವಿನ್ಯಾಸ ಇಂದಿಗೂ ಗಣಕ ಪರಿಷತ್ತಿನ ಮೊದಲಕ್ಷರಗಳಾದ 'ಕಗಪ' ಎಂಬ ಹೆಸರಲ್ಲೇ ಸಿಗುತ್ತದೆ.

ವಿಂಡೋಸ್ ಮಾತ್ರ ಬಹುಕಾಲ ಇನ್‌ಸ್ಕ್ರಿಪ್ಟನ್ನಷ್ಟೇ ಒಳಗಿಟ್ಟುಕೊಂಡು ಬಂತು. ರಾಜ್ಯದ ಮಾನಕ ಬೇಕೆಂದವರು ಅದನ್ನು ಬೇರೆಯಾಗಿ ಅಳವಡಿಸಿಕೊಳ್ಳಬೇಕಾಯಿತು. ಅಂಗಡಿಯಲ್ಲಿ ಕೊಂಡ ಮಣೆಯ ಮೇಲೆ ಸಾಮಾನ್ಯವಾಗಿ ಕನ್ನಡದ ಒಂದಕ್ಷರವೂ ಇರುವುದಿಲ್ಲ. ಹಾಗಾಗಿ ಹಲವರು ಲಿಪ್ಯಂತರಕ್ಕೇ ಮೊರೆಹೋಗುತ್ತಾರೆ. ಈಚೆಗೆ ನನ್ನ ಮೇಜಿಗೆ ಬಂದ ಕಥೆಯೊಂದರಲ್ಲಿ 'ಹಳ್ಳಿ'ಯೆಲ್ಲ 'ಹಲ್ಲಿ'ಯಾಗಿತ್ತು. ಬರೆದ ಹುಡುಗನಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಫೋನಿನಲ್ಲಿ ಇಂಗ್ಲಿಷ್ ಕಾಗುಣಿತ ಒತ್ತಿ, ಅದು ಕೊಟ್ಟ ಪದವನ್ನೇ ತೆಗೆದುಕೊಂಡಿದ್ದ, ಅಷ್ಟೇ. ರಾವ್ ಅವರ ಮಣೆಯಲ್ಲಿ 'ಲ'ಗೆ ಎಲ್, 'ಳ'ಗೆ ಶಿಫ್ಟ್ ಹಿಡಿದು ಎಲ್. ಯಾವುದು ಬೇಕೆಂದು ಬರೆಯುವವನೇ ನಿರ್ಧರಿಸಬೇಕು.

ಶಾಲೆಯ ಕಂಪ್ಯೂಟರ್ ಪಿರಿಯಡ್ಡಿನಲ್ಲಿ ಮಕ್ಕಳಿಗೆ ಈ ವಿನ್ಯಾಸವನ್ನು ಕಲಿಸಿ ಎಂದು ಶಿಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ.