ಕಾಳಲಾದೇವಿಯ ಪಯಣ: ಬೆಳಗೊಳದ ದಾರಿಯಲ್ಲಿ ತಾಯಂದಿರೂ ಮಕ್ಕಳೂ

ಶ್ರವಣಬೆಳಗೊಳದ ದೊಡ್ಡಬೆಟ್ಟದ ಬುಡದಲ್ಲಿ ರಜೆಯ ದಿನಗಳ ಮುಂಜಾನೆ ಸ್ವಲ್ಪ ಹೊತ್ತು ನಿಂತವರಿಗೆ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ಕುಟುಂಬವೊಂದು ವಾಹನದಿಂದ ಇಳಿಯುತ್ತದೆ. ನಿದ್ದೆಗಣ್ಣಿನ ಮಗುವಿನ ಕಾಲಿನಿಂದ ತಾಯಿ ಚಪ್ಪಲಿ ಕಳಚುತ್ತಾಳೆ. ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಒಮ್ಮೆ ತಲೆಯೆತ್ತಿ ನೋಡಿದ ಮಗು ತಂದೆಯ ಹೆಗಲಿಗೇರುತ್ತದೆ. ಪಕ್ಕದಲ್ಲಿ ಅಜ್ಜಿಗೆ ಡೋಲಿ ಗೊತ್ತುಮಾಡುವ ಮಾತು ನಡೆದಿರುತ್ತದೆ. ಈ ಕ್ಷೇತ್ರದ ಇತಿಹಾಸವನ್ನು ಓದುವ ನಾವು ಅರಸರು, ಆಚಾರ್ಯರು, ದಂಡನಾಯಕರು, ಸಲ್ಲೇಖನ ಕೈಗೊಂಡ ತಪಸ್ವಿಗಳು ಇವರ ಸುತ್ತಲೇ ಸುಳಿದಾಡುತ್ತೇವೆ. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ದೂರದ ಊರುಗಳಿಂದ ಬಂದ ಸಂಸಾರವಂದಿಗರ ಚರಿತ್ರೆಯನ್ನು ಹುಡುಕುವ ಗೋಜಿಗೆ ಹೋದವರು ಕಡಿಮೆ.

ಸಾಮಗ್ರಿಯ ಕೊರತೆ ಇದಕ್ಕೆ ಕಾರಣವೆನ್ನುವಂತಿಲ್ಲ. ಬಿ.ಎಲ್. ರೈಸ್ ಅವರು 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಅವುಗಳ ಸಂಖ್ಯೆ 500ಕ್ಕೇರಿತು. 1973ರ ಪರಿಷ್ಕೃತ ಆವೃತ್ತಿಯಲ್ಲಿ 573 ಆಯಿತು. ಇವುಗಳಲ್ಲಿ 271 ಚಿಕ್ಕಬೆಟ್ಟದಲ್ಲಿಯೂ 172 ದೊಡ್ಡಬೆಟ್ಟದಲ್ಲಿಯೂ ಉಳಿದವು ಊರು ಮತ್ತು ಸುತ್ತಲಿನ ಗ್ರಾಮಗಳಲ್ಲಿಯೂ ಇವೆ. ಕರ್ನಾಟಕದಲ್ಲಿ ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟೊಂದು ಜನ ತಮ್ಮ ಹೆಸರನ್ನು ಬರೆಯಿಸಿದ ತಾಣ ಇನ್ನೊಂದು ದೊರೆಯುವುದು ಕಷ್ಟ. ಆದರೆ ದಾರಿ ನಡೆದು ಬಂದ ಮಗುವನ್ನು ಈ ರಾಶಿಯಲ್ಲಿ ಹುಡುಕಹೊರಟವನ ಕೈಗೆ ನೇರವಾಗಿ ಸಿಗುವುದು ಅತ್ಯಲ್ಪ. ಸುತ್ತುಬಳಸಿ ಹೋಗಬೇಕಾಗುತ್ತದೆ.

ಮೊದಲು ಶಾಸ್ತ್ರದ ಮಾತು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಗೃಹಸ್ಥನ ಬಾಳಿಗೆ ಹೇಳಿದ ಕ್ರಿಯೆಗಳಲ್ಲಿ ನಾಮಕರ್ಮದ ಬೆನ್ನಿಗೇ ಬರುವುದು ‘ಬಹಿರ್ಯಾನ’. ಹುಟ್ಟಿ ಎರಡು ಮೂರು ತಿಂಗಳು ಕಳೆದ ಮೇಲೆ ಕೂಸನ್ನು ಮಂಗಳವಾದ್ಯದೊಡನೆ ಮೊದಲ ಬಾರಿಗೆ ಹೊಸ್ತಿಲು ದಾಟಿಸುವ ವಿಧಿ ಇದು. ಆ ಸಂದರ್ಭದಲ್ಲಿ ಬಂಧುಗಳು ಕೊಟ್ಟ ಉಡುಗೊರೆಯನ್ನು ಕೂಡಿಟ್ಟು, ಆತ ತಂದೆಯ ಆಸ್ತಿಗೆ ಒಡೆಯನಾದಾಗ ಅವನಿಗೇ ಒಪ್ಪಿಸಬೇಕೆಂದೂ ಅಲ್ಲಿ ಸೂಚಿಸಲಾಗಿದೆ. ಅನ್ನಪ್ರಾಶನಕ್ಕೂ ಮುಂಚೆಯೇ ಪಯಣಕ್ಕೊಂದು ಕ್ರಿಯೆಯಿರುವುದು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಮಗು ಮನೆಯ ಹೊರಗೆ ಕಾಲಿಡುವುದು ಅಪಾಯವೂ ಹೌದು, ಸಂಭ್ರಮವೂ ಹೌದು ಎಂಬ ಅರಿವು ಆ ವಿಧಿಯ ಹಿಂದಿದೆ.

ಶಾಸ್ತ್ರದಿಂದ ಬೆಟ್ಟಕ್ಕೆ ಬಂದರೆ ಚಿತ್ರ ಬೇರೆಯದೇ. ಚಿಕ್ಕಬೆಟ್ಟದ ಬಂಡೆಗಳ ಮೇಲಿನ ಹಳೆಯ ಯಾತ್ರಿಕರ ಬರಹಗಳು ಹೆಚ್ಚಾಗಿ ಒಂಟಿ ಹೆಸರುಗಳು. ಒಬ್ಬ ಮುನಿ, ಒಬ್ಬ ವೀರ, ಒಬ್ಬ ಕವಿ. ರನ್ನನದೆಂದು ವಿದ್ವಾಂಸರು ನಂಬಿರುವ ‘ಕವಿರತ್ನ’ ಎಂಬ ಹೆಸರೂ ಅಲ್ಲಿ ಹೀಗೆಯೇ ಒಂಟಿಯಾಗಿ ನಿಂತಿದೆ. ಬಂದವರ ಜತೆ ಯಾರಿದ್ದರೆಂದು ಬಂಡೆ ಹೇಳುವುದಿಲ್ಲ. ಆದರೆ ಹದಿನೈದನೆಯ ಶತಮಾನದಿಂದ ಈಚೆಗೆ ಉತ್ತರ ದೇಶದ ವರ್ತಕರು ನಾಗರಿಯಲ್ಲಿಯೂ ಮಹಾಜನಿ ಲಿಪಿಯಲ್ಲಿಯೂ ಕೆತ್ತಿಸಿದ ಬರಹಗಳಿಗೆ ಬಂದಾಗ ಧಾಟಿ ಬದಲಾಗುತ್ತದೆ. ಇಂಥವರ ಮಗ, ಇಂಥ ಗೋತ್ರದವ, ಇಂಥ ಊರಿನವ ಎಂದು ಅವು ಬಿಡಿಸಿ ಹೇಳುತ್ತವೆ. ಪಾಣಿಪತ್ತಿನಿಂದ ಬಂದವರೂ ಅವರಲ್ಲಿದ್ದಾರೆ. ಒಂಟಿ ಹೆಸರಿನ ಜಾಗಕ್ಕೆ ನಂಟಿನ ಹೆಸರು ಬಂದಿದೆ.

ಇದೇ ಬದಲಾವಣೆ ಗೊಮ್ಮಟನ ಕಥೆಯಲ್ಲಿಯೂ ನಡೆದಿದೆಯೆಂಬುದು ನನ್ನ ಮುಖ್ಯ ವಾದ. ಚಾವುಂಡರಾಯನು ತಾಯಿಯ ಹರಕೆಯನ್ನು ತೀರಿಸಲು ಮನೆಮಂದಿಯೊಡನೆ ಪೌದನಪುರಕ್ಕೆ ಹೊರಟು, ದಾರಿಯಲ್ಲಿ ಬೆಳಗೊಳದಲ್ಲಿ ತಂಗಿ, ಕನಸು ಕಂಡು, ಚಿಕ್ಕಬೆಟ್ಟದಿಂದ ಬಾಣ ಬಿಟ್ಟ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ 978ರಲ್ಲಿ ಮುಗಿದ ಚಾವುಂಡರಾಯ ಪುರಾಣದಲ್ಲಿ ವಿಗ್ರಹದ ಪ್ರಸ್ತಾಪವೇ ಇಲ್ಲ. ಆ ಹೊತ್ತಿಗೆ ಅದಿನ್ನೂ ರೂಪುಗೊಂಡಿರಲಿಲ್ಲವೆಂದೇ ವಿದ್ವಾಂಸರು ತಿಳಿಯುತ್ತಾರೆ. ಸುಮಾರು 1180ರ ಬೊಪ್ಪಣ ಪಂಡಿತನ ಶಾಸನಕಾವ್ಯದಲ್ಲಿ ಕಥೆಯಿದೆ, ಪಯಣವಿಲ್ಲ. ಪೌದನಪುರದ ಬಾಹುಬಲಿಯ ವಿಗ್ರಹವನ್ನು ಕುಕ್ಕುಟಸರ್ಪಗಳು ಆವರಿಸಿವೆ, ಆ ಸ್ಥಳ ದೂರ, ದುರ್ಗಮ ಎಂದು ಹಿರಿಯರು ಹೇಳಲಾಗಿ, ರಾಯನು ಹೋಗುವ ಆಸೆಯನ್ನು ಬಿಟ್ಟು ಇಲ್ಲಿಯೇ ಮಾಡಿಸಿದನೆಂಬುದು ಬೊಪ್ಪಣನ ನಿರೂಪಣೆ. ಅಲ್ಲಿ ತಾಯಿ ಇಲ್ಲ, ಹರಕೆ ಇಲ್ಲ, ಕನಸೂ ಇಲ್ಲ.

ಕಾಳಲಾದೇವಿ ಬರುವುದು ಶತಮಾನಗಳ ತರುವಾಯದ ಚರಿತೆಗಳಲ್ಲಿ. ಬೆಳಗೊಳದವನೇ ಆದ ಪಂಚಬಾಣ ಕವಿಯ 1614ರ ಭುಜಬಲಿ ಚರಿತೆ, ಅನಂತಕವಿಯ ಗೊಮ್ಮಟೇಶ್ವರ ಚರಿತೆ, ದೇವಚಂದ್ರನ ರಾಜಾವಳಿ ಕಥೆ ಈ ಸಾಲಿನವು. ಈ ಸಂಪ್ರದಾಯದ ಕಥೆಯಲ್ಲಿ ತಾಯಿ ಪೌದನಪುರದ ವಿಗ್ರಹದ ವಿಷಯ ಕೇಳಿ, ಅದನ್ನು ಕಾಣುವ ತನಕ ಹಾಲು ಮುಟ್ಟುವುದಿಲ್ಲವೆಂದು ನಿಯಮ ಹಿಡಿಯುತ್ತಾಳೆ. ಮಗ ಗುರುಗಳನ್ನೂ ಪರಿವಾರವನ್ನೂ ಕರೆದುಕೊಂಡು ಹೊರಡುತ್ತಾನೆ. ಒಬ್ಬ ಮಂತ್ರಿಯ ಶಿಲ್ಪಕಾರ್ಯವಾಗಿದ್ದುದು ಒಂದು ಮನೆತನದ ಪ್ರಯಾಣವಾಗಿ ಮಾರ್ಪಟ್ಟಿತು.

ಹರಕೆ ಎಲ್ಲಿಂದ ಬಂತು? ಇದಕ್ಕೊಂದು ಹಳೆಯ ಮಾದರಿ ಇದೆ. ಲಕ್ಕುಂಡಿಯ 1007ರ ಶಾಸನ ದಾನಚಿಂತಾಮಣಿ ಅತ್ತಿಮಬ್ಬೆಯ ಮಹಿಮೆಗಳನ್ನು ಎಣಿಸುವಾಗ, ಆಕೆ ಕುಕ್ಕುಟೇಶ್ವರ ಜಿನನ ದರ್ಶನಕ್ಕೆ ಬೆಟ್ಟ ಹತ್ತಿ ಬಳಲಿದಾಗ ಅಕಾಲದಲ್ಲಿ ಮಳೆ ಸುರಿದು ದಣಿವು ಆರಿತೆಂದು ಹೇಳುತ್ತದೆ. ಗೊಮ್ಮಟನನ್ನು ಕಾಣುವವರೆಗೆ ಆಹಾರ ತೊರೆದಿದ್ದಳೆಂಬುದು ಆಕೆಯ ಬಗೆಗಿನ ಸಂಪ್ರದಾಯ. ವಿಗ್ರಹ ಪ್ರತಿಷ್ಠೆಯಾದದ್ದು 981ರಲ್ಲಿ ಎಂದಿಟ್ಟುಕೊಂಡರೆ, ಕಾಲು ಶತಮಾನ ಕಳೆಯುವಷ್ಟರಲ್ಲಿಯೇ ನೂರಾರು ಕಿಲೋಮೀಟರ್ ದಾರಿ ಸವೆಸಿ ಬಂದ ಹೆಣ್ಣುಮಗಳ ಪ್ರಯಾಣವೊಂದು ಕಲ್ಲಿನ ಮೇಲೆ ದಾಖಲಾಗಿದೆ. ಆಕೆ ಗಂಡ ಸತ್ತ ಮೇಲೆ ಮಗ ಅಣ್ಣಿಗದೇವನನ್ನು ಸಾಕಿ ಬೆಳೆಸಿದ ತಾಯಿ. ನಿಯಮ ಹಿಡಿದ ತಾಯಿ, ದೂರದ ದಾರಿ, ಬೆಟ್ಟದ ಮೇಲಿನ ದರ್ಶನ ಈ ಮೂರೂ ಕಾಳಲಾದೇವಿಯ ಕಥೆಗೆ ಹೊಂದುತ್ತವೆ. ಒಂದು ಕಥೆ ಇನ್ನೊಂದಕ್ಕೆ ನೇರ ಆಕರವೆಂದು ನಾನು ಹೇಳಲಾರೆ. ಆದರೆ ಹದಿನೇಳನೆಯ ಶತಮಾನದ ಕವಿಗಳ ಕಣ್ಣೆದುರಿಗೆ ಇಂಥ ತಾಯಂದಿರು ವರ್ಷವರ್ಷವೂ ಗಾಡಿಯಿಳಿದು ಬರುತ್ತಿದ್ದರು. ಕಥೆ ಕೇಳುವವರೂ ಅವರೇ. ಹೋಗುವುದು ಕಷ್ಟವೆಂದು ಮನೆಯಲ್ಲಿಯೇ ಉಳಿದ ನಾಯಕನಿಗಿಂತ ಹೆತ್ತವಳನ್ನು ಕರೆದುಕೊಂಡು ಹೊರಟ ನಾಯಕ ಆ ಕೇಳುಗರಿಗೆ ಹತ್ತಿರದವನು.

ಹಾಲಿನ ಮಾತೂ ಇಲ್ಲಿ ಬರಬೇಕು. ಕಾಳಲಾದೇವಿ ಬಿಟ್ಟದ್ದು ಹಾಲು. ಗುಳ್ಳಕಾಯಜ್ಜಿ ತಂದದ್ದು ಹಾಲು. ನಿತ್ಯಾಭಿಷೇಕದ ಹಾಲಿಗೆಂದು ಭಕ್ತರು ಹೊನ್ನನ್ನು ಬಡ್ಡಿಗಿಟ್ಟುದನ್ನು ಹದಿಮೂರನೆಯ ಶತಮಾನದ ಶಾಸನಗಳು ತಿಳಿಸುತ್ತವೆ. ಎಳೆಮಕ್ಕಳನ್ನು ಕಟ್ಟಿಕೊಂಡು ದಾರಿ ನಡೆಯುವವಳಿಗೆ ಸಂಜೆಯ ಹೊತ್ತಿಗೆ ಹಾಲು ಸಿಗುವುದೆಷ್ಟು ದೊಡ್ಡದೆಂಬುದು ಗೊತ್ತು. ರಾಯನ ಕೊಡಗಟ್ಟಲೆ ಹಾಲು ತೊಡೆಯಿಂದ ಕೆಳಗಿಳಿಯದೆ ಮುದುಕಿಯ ಒಂದು ಗುಳ್ಳಕಾಯಿಯಷ್ಟು ಹಾಲು ಪಾದಗಳನ್ನೂ ತೊಯ್ಯಿಸಿತೆಂಬ ಕಥೆಯನ್ನು ಅಹಂಕಾರಭಂಗದ ದೃಷ್ಟಾಂತವಾಗಿ ಮಾತ್ರ ಓದುವುದು ವಾಡಿಕೆ. ಅಳೆದು ಹಾಲು ಕೊಂಡು ಮಕ್ಕಳಿಗೆ ಹಂಚಿದವರು ಅದನ್ನು ಬೇರೆ ರೀತಿಯಲ್ಲಿಯೂ ಕೇಳಿಸಿಕೊಂಡಿರಬೇಕು.

ಇನ್ನು ದಾರಿ. ಅರಕಲಗೂಡಿನಿಂದ ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಮೇಲೆ ಬೆಳಗೊಳಕ್ಕೆ ಇಂದಿನ ರಸ್ತೆಯಲ್ಲಿ ಅರವತ್ತರಿಂದ ಎಪ್ಪತ್ತು ಕಿಲೋಮೀಟರ್. ಕಾರಿನಲ್ಲಿ ಒಂದೂವರೆ ಗಂಟೆಯ ಹಾದಿ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಸಾಗುವ ಎತ್ತಿನ ಗಾಡಿಗೆ ಅದು ಮೂರು ದಿನ. ನಡುವೆ ಹೇಮಾವತಿಯನ್ನು ದಾಟಬೇಕು. ಹೊಳೆ ತುಂಬಿದರೆ ದಡದಲ್ಲಿಯೇ ಬಿಡಾರ. ಜೈನ ಕುಟುಂಬಕ್ಕೆ ಇನ್ನೊಂದು ಕಟ್ಟೂ ಇತ್ತು. ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು, ನೀರನ್ನು ಸೋಸಿಯೇ ಕುಡಿಯಬೇಕು. ಹೀಗಾಗಿ ಬಿಸಿಲು ಇಳಿಯುವ ಮೊದಲೇ ಗಾಡಿ ನಿಲ್ಲಿಸಿ ಒಲೆ ಹೂಡಬೇಕಿತ್ತು. ಕೆರೆ ಕಟ್ಟೆ ಬಾವಿಗಳಿರುವ ಎಡೆಯೇ ತಂಗುದಾಣ. ಈ ದೃಷ್ಟಿಯಿಂದ ನೋಡಿದಾಗ ಬೆಳಗೊಳದ ಜಲಾಶ್ರಯಗಳ ಶಾಸನಗಳು ಬೇರೊಂದು ಬೆಳಕಿನಲ್ಲಿ ಕಾಣುತ್ತವೆ. ಗಂಗರಾಜನ ಅಣ್ಣನ ಹೆಂಡತಿ, ಬೊಪ್ಪದೇವನ ತಾಯಿ ಜಕ್ಕಿಮವ್ವೆ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ ಜಕ್ಕಿಕಟ್ಟೆ ಊರ ತೆಂಕಣಕ್ಕೆ ಇಂದಿಗೂ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಟಂಕಸಾಲೆಯ ಅಣ್ಣಯ್ಯನ ಮೂಲಕ ಆರಂಭವಾದ ಕಲ್ಯಾಣಿ ಅವರ ಮೊಮ್ಮಗನ ಕಾಲದಲ್ಲಿ ಪೂರ್ಣಗೊಂಡಿತೆಂದು ಅನಂತಕವಿ ಹೇಳುತ್ತಾನೆ. ದಾನಶಾಲೆಗೆ ಮದನೆ ಗ್ರಾಮ ಉಂಬಳಿಯಾದ ಸಂಗತಿ ಚಿದಾನಂದನ ಮುನಿವಂಶಾಭ್ಯುದಯದಲ್ಲಿದೆ. ನಾವು ಇವುಗಳನ್ನು ‘ರಾಜಾಶ್ರಯ’ ಎಂಬ ಅಧ್ಯಾಯಕ್ಕೆ ಸೇರಿಸಿ ಮುಂದೆ ಸಾಗುತ್ತೇವೆ. ನೀರು, ಅನ್ನ, ನೆರಳು ಯಾರಿಗೆ ತೀರಾ ಅವಶ್ಯಕವಾಗಿದ್ದವು ಎಂದು ಕೇಳಿಕೊಳ್ಳುವುದಿಲ್ಲ. ಮುನಿಗಳಿಗೆ ದಿನಕ್ಕೊಂದು ಆಹಾರ ಸಾಕು. ಮೂರು ವರ್ಷದ ಕೂಸಿಗೆ ಸಾಲದು.

ಈ ದಾರಿಯ ಜನಸಂದಣಿಯನ್ನು ಸ್ವಲ್ಪ ಸ್ಪಷ್ಟವಾಗಿ ಕಾಣಿಸುವ ದಾಖಲೆ 1887ರ ಮಹಾಮಸ್ತಕಾಭಿಷೇಕದ್ದು. ಆ ವರ್ಷದ ಮಾರ್ಚ್ 14ರಂದು ನಡೆದ ಅಭಿಷೇಕಕ್ಕೆ 20,000 ಯಾತ್ರಿಕರು ಸೇರಿದ್ದರೆಂದು ‘ಹಾರ್ವೆಸ್ಟ್ ಫೀಲ್ಡ್’ ಎಂಬ ಮಿಷನರಿ ಪತ್ರಿಕೆ ವರದಿ ಮಾಡಿತು. ಬಂಗಾಳಿಗಳು, ಗುಜರಾತಿಗಳು, ಬಹುಸಂಖ್ಯೆಯ ತಮಿಳರು ಬಂದಿದ್ದರು. ಕೆಲವರಂತೂ ಪೂರ್ತಿ ಒಂದು ತಿಂಗಳು ಮೊದಲೇ ಬಂದು ಬೀಡುಬಿಟ್ಟಿದ್ದರಂತೆ. ಬೆಂಗಳೂರು–ಮೈಸೂರು ರೈಲು ಆಗ ಓಡುತ್ತಿತ್ತು. ಆದರೆ ನಿಲ್ದಾಣದಿಂದ ಬೆಳಗೊಳದವರೆಗೆ ಗಾಡಿಯೇ ಗತಿ. ಒಂದು ತಿಂಗಳು ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲೋಣ. ಚಿಕ್ಕ ಊರಿನಲ್ಲಿ, ಬೇಸಗೆಯ ಮೊದಲ ಬಿಸಿಲಿನಲ್ಲಿ, ಪರಭಾಷೆಯ ನಾಡಿನಲ್ಲಿ ಒಂದು ತಿಂಗಳು. ಒಂದು ದಿನದ ಉತ್ಸವಕ್ಕಾಗಿ ಗಂಡಸೊಬ್ಬ ಹೀಗೆ ಬೀಡುಬಿಡುವುದಿಲ್ಲ. ದಾರಿಯಲ್ಲಿ ಎಷ್ಟು ದಿನ ಹಿಡಿಯುವುದೆಂದು ಖಾತರಿಯಿಲ್ಲದೆ, ಮಕ್ಕಳು ಮುದುಕರೊಡನೆ ಹೊರಟವರು ಮಾತ್ರ ಇಷ್ಟು ಮುಂಚಿತವಾಗಿ ಬಂದು ಸೇರುತ್ತಾರೆಂಬುದು ನನ್ನ ಊಹೆ.

ಇಂಥ ಪಯಣದ ಒಳಗಣ ಅನುಭವವನ್ನು ಬರೆದವರು ನಮ್ಮಲ್ಲಿ ವಿರಳ. ಹಾಗಾಗಿ ಉತ್ತರದ ಜೈನ ವರ್ತಕ ಬನಾರಸೀದಾಸನ ಕಡೆಗೆ ತಿರುಗಬೇಕು. 1641ರಲ್ಲಿ ಬರೆದ ತನ್ನ ಆತ್ಮಕಥೆ ‘ಅರ್ಧಕಥಾನಕ’ದಲ್ಲಿ ಆತ ತನ್ನ ತಂದೆತಾಯಿಗಳ ಯಾತ್ರೆಗಳನ್ನು ಹೇಳಿದ್ದಾನೆ. ಸಂತಾನವನ್ನು ಬೇಡಲು ರೋಹ್ತಕ್ಕಿನ ಸತಿಯ ಗುಡಿಗೆ ಹೊರಟ ದಂಪತಿಗಳನ್ನು ದಾರಿಯಲ್ಲಿ ಕಳ್ಳರು ದೋಚಿದರು. ಉಟ್ಟ ಬಟ್ಟೆಯೊಂದೇ ಉಳಿಯಿತು. 1586ರಲ್ಲಿ ಮಗ ಹುಟ್ಟಿದ. ಕೆಲವೇ ತಿಂಗಳ ಆ ಶಿಶುವನ್ನು ಎತ್ತಿಕೊಂಡು ಅವರು ಜೌನಪುರದಿಂದ ಕಾಶಿಯ ಪಾರ್ಶ್ವನಾಥನ ಸನ್ನಿಧಿಗೆ ಹೋದರು. ಅಲ್ಲಿಯ ಪೂಜಾರಿಯ ಮಾತಿನಂತೆ ವಿಕ್ರಮಾಜೀತನೆಂಬ ಹೆಸರನ್ನು ಬಿಟ್ಟು ಊರಿನ ಹೆಸರನ್ನೇ ಇಟ್ಟರು. ಪೂಜಾರಿ ಹೂಡಿದ ನಾಟಕವನ್ನು ಕವಿ ನಗುತ್ತಲೇ ಬಣ್ಣಿಸುತ್ತಾನೆ. ಅದೇ ಕವಿ ತನ್ನ ಒಂಬತ್ತು ಮಕ್ಕಳನ್ನೂ ಕಳೆದುಕೊಂಡುದನ್ನು ಅದೇ ಪುಸ್ತಕದಲ್ಲಿ ಹೇಳುತ್ತಾನೆ. ಮಕ್ಕಳನ್ನು ದೇವರ ಬಳಿಗೆ ಅಷ್ಟು ದೂರ ಹೊತ್ತೊಯ್ದ ತಾಯಿತಂದೆಯರ ಎದೆಯಲ್ಲಿ ಏನಿತ್ತೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಡ.

ಬೆಳಗೊಳದ ಶಾಸನಗಳಲ್ಲಿಯೂ ಆ ಭಾವದ ಒಂದು ದಾಖಲೆ ಇದೆ; ಅಲ್ಲಿ ಮಗು ಬೆಳೆದು ರಾಣಿಯಾಗಿದ್ದಳು. ವಿಷ್ಣುವರ್ಧನನ ಅರಸಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಾಗ, ತಾಯಿ ಮಾಚಿಕಬ್ಬೆ ತಾನಿನ್ನು ಉಳಿಯಲಾರೆನೆಂದು ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಸಮಾಧಿಮರಣವನ್ನು ಪಡೆದಳು.

ಇಪ್ಪತ್ತನೆಯ ಶತಮಾನದಲ್ಲಿ ದಾರಿ ಕಿರಿದಾಯಿತು. ಮೈಸೂರು–ಅರಸೀಕೆರೆ ರೈಲುಮಾರ್ಗ 1918ರ ಹೊತ್ತಿಗೆ ಹೊಳೆನರಸೀಪುರ, ಹಾಸನಗಳನ್ನು ಮುಟ್ಟಿತು. ಬಸ್ಸುಗಳು ಬಂದವು. 1981ರ ಸಹಸ್ರಮಾನೋತ್ಸವಕ್ಕೆ ಲಕ್ಷಾಂತರ ಜನ ಬಂದರು. 2017ರಲ್ಲಿ ಬೆಂಗಳೂರು–ಹಾಸನ ನೇರ ರೈಲು ಶ್ರವಣಬೆಳಗೊಳದ ಮೂಲಕವೇ ಓಡತೊಡಗಿತು. ಈ ಎಲ್ಲ ಬಗೆಯ ವಾಹನಗಳಲ್ಲಿ ಬಂದ ಮಕ್ಕಳು ಕೊನೆಗೆ ಅದೇ ಮೆಟ್ಟಿಲುಗಳ ಮುಂದೆ ಬರಿಗಾಲಿನಲ್ಲಿ ನಿಲ್ಲುತ್ತಾರೆ.

ದೊಡ್ಡಬೆಟ್ಟವನ್ನು ಇಳಿದವರು ಸಾಮಾನ್ಯವಾಗಿ ಚಿಕ್ಕಬೆಟ್ಟವನ್ನು ಹತ್ತುವುದಿಲ್ಲ. ಮಕ್ಕಳಿಗೆ ಆಗಲೇ ಹಸಿವು. ಹತ್ತಿದವರು ಚಾವುಂಡರಾಯ ಬಸದಿಯ ಮೇಲಿನ ಅಂತಸ್ತಿಗೆ ಹೋಗಿ ಪಾರ್ಶ್ವನಾಥನ ಪೀಠವನ್ನು ನೋಡಬೇಕು. ಸುಮಾರು 995ರ ಪುಟ್ಟ ಶಾಸನವೊಂದು ಅಲ್ಲಿದೆ. ಮಂತ್ರಿ ಚಾವುಂಡನ ಮಗ, ಅಜಿತಸೇನ ಮುನಿಯ ಶಿಷ್ಯ ಜಿನದೇವಣನು ಬೆಳಗೊಳದಲ್ಲಿ ಜಿನಗೃಹವನ್ನು ಮಾಡಿಸಿದನೆಂದು ಅದು ಹೇಳುತ್ತದೆ. ತಂದೆಯ ಹೆಸರಿದೆ, ಗುರುವಿನ ಹೆಸರಿದೆ. ಅಜ್ಜಿ ಕಾಳಲಾದೇವಿಯ ಹೆಸರು ಅದರಲ್ಲಿಲ್ಲ. ಆಕೆಯನ್ನು ಗಾಡಿ ಹತ್ತಿಸಿದವರು ಆರು ಶತಮಾನಗಳಾಚೆಯ ಕವಿಗಳು.