ಯುದ್ಧ ಗೆದ್ದರೂ ಬಿಡದ ಬಿರುದು: ಮಹಾಮಂಡಳೇಶ್ವರ

ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನ ಓದುವಾಗ ಮೊದಲ ಹತ್ತು ಸಾಲು ಬೇಗ ದಾಟಿಬಿಡ್ತೇವೆ. ದಾನ ಕೊಟ್ಟವರು ಯಾರು, ಭೂಮಿ ಎಷ್ಟು ಅಂತ ಕಣ್ಣು ಹುಡುಕುತ್ತಿರುತ್ತೆ. ಆದರೆ ಆ ಸಾಲುಗಳಲ್ಲೇ ಒಂದು ರಾಜಕೀಯ ಒಪ್ಪಂದ ಇದೆ. ಮೊದಲು ‘ಸಮಸ್ತಭುವನಾಶ್ರಯ’ನಾದ ಚಕ್ರವರ್ತಿ. ಅವನ ವಿಜಯರಾಜ್ಯ ‘ಸಲುತ್ತಮಿರೆ’, ‘ತತ್ಪಾದಪದ್ಮೋಪಜೀವಿ’ಯಾಗಿ ಎರಡನೆಯವನು ಬರುತ್ತಾನೆ, ಮಹಾಮಂಡಳೇಶ್ವರ. ಆಮೇಲೆ ಊರಿನ ಮಹಾಜನರು, ಗಾವುಂಡರು, ಸೆಟ್ಟಿಗಳು.

ಈ ಎರಡನೆಯವನಿಗೆ ಸಿಕ್ಕ ಜಾಗ ಸಣ್ಣದಲ್ಲ. ಹಾನಗಲ್ಲ ಕದಂಬರು ‘ಬನವಾಸಿಪುರವರಾಧೀಶ್ವರ’ರು, ವಾನರಧ್ವಜ, ಸಿಂಹಲಾಂಛನ, ಪೆರ್ಮಟ್ಟಿ ವಾದ್ಯ ಅವರವೇ. ಸವದತ್ತಿಯ ರಟ್ಟರು ‘ಲತ್ತಲೂರು ಪುರವರಾಧೀಶ್ವರ’ರು. ಹಳೆಯ ಕುಲದ ಹೆಸರು, ಬಾವುಟ, ಮನ್ನಣೆ ಎಲ್ಲವನ್ನೂ ಚಕ್ರವರ್ತಿ ಅವರಿಗೇ ಬಿಟ್ಟಿದ್ದ. ಹಾಗಂತ ಎಲ್ಲವನ್ನೂ ಬಿಡಲಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬನವಾಸಿ ಪನ್ನಿರ್ಚ್ಛಾಸಿರವನ್ನು ದಂಡನಾಯಕ ಗೋವಿಂದರಸ ಆಳಿದ್ದುಂಟು. ವಡ್ಡರಾವುಳ, ಪೆರ್ಜುಂಕದಂಥ ದೊಡ್ಡ ಸುಂಕಗಳೂ ಚಕ್ರವರ್ತಿಯ ಅಧಿಕಾರಿಗಳ ಕೈಯಲ್ಲಿದ್ದವು. ಬಿರುದು ಒಬ್ಬರದು, ಸುಂಕ ಇನ್ನೊಬ್ಬರದು. ಇದನ್ನು ಇಂದಿನ ಅರ್ಥದ ಒಕ್ಕೂಟ ಅನ್ನೋಕಾಗಲ್ಲ. ಆದರೂ ಪ್ರತಿ ಗಡಿ ತಕರಾರಿಗೂ ಒಂದು ಮನೆತನವನ್ನೇ ಅಳಿಸಬೇಕಿಲ್ಲ ಎಂಬ ತಿಳಿವಳಿಕೆ ಇದರಲ್ಲಿತ್ತು.

ಈ ಏರ್ಪಾಡಿನ ಬಲ ಮತ್ತು ದೌರ್ಬಲ್ಯ ಎರಡೂ ಒಟ್ಟಿಗೆ ಕಾಣುವುದು ಹೊಯ್ಸಳ ವಿಷ್ಣುವರ್ಧನನಲ್ಲಿ. 1118ರ ಹೊತ್ತಿಗೆ ಅವನ ಸೇನಾನಿ ಗಂಗರಾಜ, ಹನ್ನೆರಡು ಸಾಮಂತರೊಡನೆ ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಪಡೆಯ ಮೇಲೆ ರಾತ್ರಿ ದಾಳಿ ಮಾಡಿ ಸೋಲಿಸಿದ. ಶ್ರವಣಬೆಳಗೊಳದ ಶಾಸನ ಇದನ್ನು ಹೆಮ್ಮೆಯಿಂದ ಹೇಳುತ್ತೆ. ಸೋತವನನ್ನು ಅದು ಕರೆಯುವುದು ಮಾತ್ರ ‘ಚಾಲುಕ್ಯ ಚಕ್ರವರ್ತಿ’ ಎಂದೇ! ವಿಷ್ಣುವರ್ಧನನ ಶಾಸನಗಳಲ್ಲೂ ‘ಮಹಾಮಂಡಳೇಶ್ವರ’ ಅನ್ನೋ ಬಿರುದು ಉಳಿದೇ ಇದೆ. ಜೊತೆಗೆ ‘ತ್ರಿಭುವನಮಲ್ಲ’ ಎಂಬ ಬಿರುದು. ಅದು ವಿಕ್ರಮಾದಿತ್ಯನದೇ ಬಿರುದು. ಚೌಕಟ್ಟಿನೊಳಗಿದ್ದುಕೊಂಡೇ ಜಗಳ ಅಂದರೆ ಇದೇ ಅಲ್ವೇ?

ಆದರೆ ಜಗಳ ಬಿಡಿಸುವವರು ಯಾರು? ಅದಕ್ಕೆ ಉತ್ತರ ಯಾವ ಕಲ್ಲಿನಲ್ಲೂ ಇಲ್ಲ. ಚಕ್ರವರ್ತಿಯ ತೋಳಿನಲ್ಲಿ ಬಲ ಇರುವ ತನಕ ಒಪ್ಪಂದ ನಡೀತು. 12ನೇ ಶತಮಾನದ ನಡುವೆ ತರ್ದವಾಡಿಯ ಮಹಾಮಂಡಳೇಶ್ವರ ಕಲಚುರಿ ಬಿಜ್ಜಳ ಚಕ್ರವರ್ತಿಯ ಬಿರುದನ್ನೇ ತೊಟ್ಟ. 1190ರ ದಶಕದಲ್ಲಿ ಇಮ್ಮಡಿ ಬಲ್ಲಾಳನೂ ‘ಸಮಸ್ತಭುವನಾಶ್ರಯ’ನಾದ. ಎರಡನೆಯವನು ಮೊದಲನೇ ಸಾಲಿಗೆ ಬಂದಾಗ ಶಾಸನದ ಕ್ರಮವೇ ಮುರಿಯಿತು.

ಚಾಲುಕ್ಯರ ಆ ರಾಜಧಾನಿ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಹೈದರಾಬಾದ್ ಕರ್ನಾಟಕ ಎನಿಸಿಕೊಂಡಿದ್ದ ಈ ಸೀಮೆಗೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ಹಿಂದುಳಿದಿದ್ದೇವೆ, ನಮ್ಮ ಪಾಲು ಕೊಡಿ ಎಂಬ ಇಲ್ಲಿನ ಕೂಗಿಗೆ ಸಂವಿಧಾನದ 98ನೇ ತಿದ್ದುಪಡಿ 371ಜೆ ವಿಧಿಯನ್ನು ಕೊಟ್ಟಿದೆ: ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಶಿಕ್ಷಣ ಮತ್ತು ನೌಕರಿಯಲ್ಲಿ ಸ್ಥಳೀಯರಿಗೆ ಮೀಸಲಾತಿ. ಅದು ಸರಿಯಾಗಿ ಜಾರಿಯಾಗಿಲ್ಲ ಅನ್ನೋ ದೂರು ಇದ್ದರೆ ಮತ ಇದೆ, ಸದನ ಇದೆ, ನ್ಯಾಯಾಲಯ ಇದೆ. ವಿಷ್ಣುವರ್ಧನನಿಗೆ ಇದ್ದದ್ದು ಕಣ್ಣೆಗಾಲದ ಇರುಳು ಒಂದೇ.