ಉತ್ತರ ಬಾರದ ಪೋರ್ಟ್: ಸೌಂಡ್ ಕಾರ್ಡ್ ಮುಂದೆ ನಿಂತುಬಿಡುವ ಡಾಸ್ ಆಟಗಳ ಕುರಿತು ಒಂದು ಟಿಪ್ಪಣಿ

ಹಳೆಯ ಡಾಸ್ ಆಟವೊಂದನ್ನು ಶುರುಮಾಡುತ್ತೇವೆ. ಕಪ್ಪು ಪರದೆಯ ಮೇಲೆ ನಾಲ್ಕಾರು ಸಾಲು ಮೂಡುತ್ತವೆ; ಸೌಂಡ್ ಕಾರ್ಡ್ ಹುಡುಕುತ್ತಿದ್ದೇನೆ ಎಂಬರ್ಥದ ಸಾಲು ಬಂದಕೂಡಲೇ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ಕರ್ಸರ್ ಮಾತ್ರ ಮಿಟುಕುತ್ತಿರುತ್ತದೆ. ಅದನ್ನು ನಂಬಿಕೊಂಡು ಕಾಯುತ್ತ ಕೂರುವವರಿದ್ದಾರೆ. ಆದರೆ ಕರ್ಸರನ್ನು ಮಿಟುಕಿಸುವುದು ವಿಡಿಯೊ ಕಾರ್ಡು. ಪ್ರೊಸೆಸರ್ ಕೈಚೆಲ್ಲಿದ ಮೇಲೂ ಅದು ಮಿಟುಕುತ್ತಲೇ ಇರುತ್ತದೆ. ನೋಡಬೇಕಾದದ್ದು ಕೀಬೋರ್ಡಿನ ನಮ್ ಲಾಕ್ ದೀಪ. ಒತ್ತಿದಾಗ ದೀಪ ಹೊತ್ತಿ ಆರುತ್ತಿದ್ದರೆ ಇಂಟರಪ್ಟ್‌ಗಳು ಓಡಾಡುತ್ತಿವೆ, ಆಟ ಯಾವುದೋ ಲೂಪಿನಲ್ಲಿ ಸುತ್ತುತ್ತಿದೆ ಎಂದರ್ಥ. ದೀಪ ಅಲುಗದೇ ಹೋದರೆ ಎರಡು ಸಾಧ್ಯತೆ: ಕೀಬೋರ್ಡನ್ನು ಆಟ ಆಗಲೇ ತನ್ನ ವಶಕ್ಕೆ ತೆಗೆದುಕೊಂಡಿದೆ, ಇಲ್ಲವೇ ಇಂಟರಪ್ಟ್‌ಗಳ ಬಾಗಿಲೇ ಮುಚ್ಚಿದೆ.

ಈ ಟಿಪ್ಪಣಿಯ ವಾದ ಚಿಕ್ಕದು. ಸದ್ದು ಬರಲಿಲ್ಲವೆಂದು ಆಟ ನಿಲ್ಲುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲವೆಂದು ನಿಲ್ಲುತ್ತದೆ. ಎಲ್ಲಿ ನಿಂತಿತು, ನಿಲ್ಲುವ ಮುನ್ನ ಏನು ಕೇಳಿಸಿತು ಎಂಬುದನ್ನು ಗಮನವಿಟ್ಟು ನೋಡಿದರೆ ತಪ್ಪು ಯಾವ ಅಂಕಿಯಲ್ಲಿದೆ ಎಂಬುದು ಬಹುಪಾಲು ತಿಳಿದುಬರುತ್ತದೆ. ಡ್ರೈವರ್ ಮತ್ತೆ ಹಾಕಿ ನೋಡಿ ಎಂಬ ಮಾಮೂಲಿ ಸಲಹೆ ಇಲ್ಲಿ ಕೆಲಸಕ್ಕೆ ಬಾರದು. ಏಕೆ ಬಾರದು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಡಾಸ್‌ನಲ್ಲಿ ಸದ್ದಿನ ವ್ಯವಸ್ಥೆ ಎಂಬುದೇ ಇರಲಿಲ್ಲ. ಆಟ ನೇರವಾಗಿ ಕಾರ್ಡಿನ ಜೊತೆ ಮಾತಾಡಬೇಕಿತ್ತು. ಹಾಗಾಗಿ ಪ್ರತಿ ಆಟವೂ ತನ್ನ ಡ್ರೈವರನ್ನು ತಾನೇ ಹೊತ್ತು ತರುತ್ತಿತ್ತು. ಜಾನ್ ಮೈಲ್ಸ್ ಬರೆದ ಲೈಬ್ರರಿ ಬಳಸಿದ ಆಟಗಳ ಫೋಲ್ಡರಿನಲ್ಲಿ ಇಂದಿಗೂ ಎಡಿವಿ, ಡಿಐಜಿ, ಎಂಡಿಐ ಎಂಬ ಬಾಲದ ಕಡತಗಳು ಸಿಗುತ್ತವೆ. ಅವೇ ಆ ಡ್ರೈವರುಗಳು. 1993ರ ಡಿಸೆಂಬರಿನಲ್ಲಿ ಬಂದ ಡೂಮ್ ಬಳಸಿದ್ದು ಡಿಎಂಎಕ್ಸ್ ಎಂಬ ಬೇರೆಯವರ ಲೈಬ್ರರಿ. 1997ರಲ್ಲಿ ಡೂಮ್‌ನ ಮೂಲ ಕೋಡ್ ಬಿಡುಗಡೆಯಾದಾಗ ಹೊರಬಂದದ್ದು ಲಿನಕ್ಸ್ ಆವೃತ್ತಿ, ಏಕೆಂದರೆ ಡಿಎಂಎಕ್ಸ್‌ನ ಹಕ್ಕು ಡೂಮ್ ತಯಾರಿಸಿದ ಐಡಿ ಸಾಫ್ಟ್‌ವೇರ್ ಕೈಯಲ್ಲಿರಲಿಲ್ಲ. ನಮ್ಮಂಥ ಹುಡುಕಾಟಗಾರರಿಗೆ ಇದೊಂದು ತೊಡಕು: ದೋಷ ಕೂತಿರುವ ಭಾಗವೇ ಕಣ್ಣಿಗೆ ಬೀಳದ ಭಾಗ. ಅದಕ್ಕೆಂದೇ ಲಕ್ಷಣದಿಂದ ಕಾರಣಕ್ಕೆ ಹೋಗಬೇಕಾಗುತ್ತದೆ.

ಬಹುತೇಕ ಆಟಗಳು ಮಾತಾಡಲು ಬಯಸಿದ ಕಾರ್ಡ್ ಸಿಂಗಪುರದ್ದು. ಸಿಮ್ ವಾಂಗ್ ಹೂ 1981ರಲ್ಲಿ ಶುರುಮಾಡಿದ ಕ್ರಿಯೇಟಿವ್ ಟೆಕ್ನಾಲಜಿ ಮೊದಲಿಗೆ ಕಂಪ್ಯೂಟರ್ ರಿಪೇರಿ ಅಂಗಡಿ. ಅಲ್ಲಿಂದ 1989ರಲ್ಲಿ ಸೌಂಡ್ ಬ್ಲಾಸ್ಟರ್ ಬಂತು. ಆಗ ಚಾಲ್ತಿಯಲ್ಲಿದ್ದ ಕೆನಡಾದ ಆಡ್‌ಲಿಬ್ ಕಾರ್ಡಿನಲ್ಲಿದ್ದ ಯಮಾಹಾ ವೈಎಂ3812 ಚಿಪ್ಪನ್ನೇ ಇದರಲ್ಲೂ ಕೂರಿಸಿ, ಮೇಲೆ ಮಾತು, ಗುಂಡಿನ ಸದ್ದುಗಳಿಗೆಂದು ಡಿಜಿಟಲ್ ಭಾಗವನ್ನು ಸೇರಿಸಿದ್ದರು. ಇದರಿಂದ ಒಂದೇ ಕಾರ್ಡಿನಲ್ಲಿ ಎರಡು ಮನೆಗಳಾದವು. ಸಂಗೀತದ ಚಿಪ್ಪಿಗೆ ಪೋರ್ಟ್ ವಿಳಾಸ ಸಾಕು, ಇಂಟರಪ್ಟ್ ಬೇಡ. ಡಿಜಿಟಲ್ ಭಾಗಕ್ಕೆ ಮಾತ್ರ ಮೂರು ಬೇಕು: ಪೋರ್ಟ್, ಐಆರ್‌ಕ್ಯು (ಇಂಟರಪ್ಟ್ ಗೆರೆಯ ಸಂಖ್ಯೆ), ಡಿಎಂಎ (ಮೆಮೊರಿಯಿಂದ ಕಾರ್ಡಿಗೆ ನೇರವಾಗಿ ಮಾಹಿತಿ ಸಾಗುವ ಚಾನೆಲ್). 1992ರ ಸೌಂಡ್ ಬ್ಲಾಸ್ಟರ್ 16ಕ್ಕೆ ಆಟೋಎಕ್ಸೆಕ್ ಕಡತದಲ್ಲಿ ಬರೆಯುತ್ತಿದ್ದ ಸಾಲು ಇದು:

ಸೆಟ್ ಬ್ಲಾಸ್ಟರ್=ಎ220 ಐ5 ಡಿ1 ಎಚ್5 ಪಿ330 ಟಿ6

ಎ ಎಂದರೆ ಪೋರ್ಟ್, ಐ ಇಂಟರಪ್ಟ್, ಡಿ ಎಂಟು ಬಿಟ್ಟಿನ ಡಿಎಂಎ, ಎಚ್ ಹದಿನಾರು ಬಿಟ್ಟಿನ ಡಿಎಂಎ, ಪಿ ಮಿಡಿ ಪೋರ್ಟ್, ಟಿ ಕಾರ್ಡಿನ ಜಾತಿ. (ಪೋರ್ಟ್ ವಿಳಾಸಗಳೆಲ್ಲ ಹೆಕ್ಸಾಡೆಸಿಮಲ್ ಲೆಕ್ಕದವು.) ಇದೊಂದು ಹೇಳಿಕೆ, ಅಷ್ಟೇ. ಇದು ಕಾರ್ಡನ್ನು ಬದಲಿಸುವುದಿಲ್ಲ; ಕಾರ್ಡ್ ಹೀಗಿದೆ ಎಂದು ಆಟಕ್ಕೆ ಹೇಳುತ್ತದೆ. ಹೇಳಿಕೆಗೂ ಕಾರ್ಡಿಗೂ ತಾಳೆಯಾಗದಿದ್ದಾಗ ನಮ್ಮ ಸಮಸ್ಯೆ ಹುಟ್ಟುತ್ತದೆ.

ಮೊದಲ ಅಂಕಿಯನ್ನು ಪರೀಕ್ಷಿಸಲು ಡಾಸ್‌ನ ಡಿಬಗ್ ಒಂದೇ ಸಾಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆ ಸಾಮಾನಿನ ರಾಶಿಯಿಂದ ಆರಿಸಿ ತಂದ 486 ಯಂತ್ರದ ಮೇಲೆ ನಾನು ಮಾಡಿದ್ದನ್ನೇ ಹೇಳುತ್ತೇನೆ. ಡಿಬಗ್ ತೆರೆದರೆ ಸಣ್ಣ ಗೆರೆಯೊಂದು ಕಾಯುತ್ತಿರುತ್ತದೆ. ‘ಓ 226 1’ ಎಂದು ಹೊಡೆದು ಎಂಟರ್, ‘ಓ 226 0’ ಎಂದು ಹೊಡೆದು ಎಂಟರ್. ಇದು ಕಾರ್ಡಿನ ಡಿಜಿಟಲ್ ಭಾಗವನ್ನು ರೀಸೆಟ್ ಮಾಡುವ ಕ್ರಮ: ಒಂದು ಬರೆದು, ಕನಿಷ್ಠ ಮೂರು ಮೈಕ್ರೊಸೆಕೆಂಡು ತಡೆದು, ಸೊನ್ನೆ ಬರೆಯಬೇಕು. ನಮ್ಮ ಬೆರಳಿನ ವೇಗದಲ್ಲಿ ತಡೆಯುವ ಚಿಂತೆಯಿಲ್ಲ. ಆಮೇಲೆ ‘ಐ 22ಎ’ ಎಂದು ಓದಬೇಕು. ‘ಎಎ’ ಎಂದು ಬಂದರೆ ಕಾರ್ಡ್ 220ರಲ್ಲಿದೆ, ಜೀವಂತವಾಗಿದೆ. ‘ಎಫ್‌ಎಫ್’ ಬಂದರೆ ಆ ವಿಳಾಸದಲ್ಲಿ ಯಾರೂ ಇಲ್ಲ. ಆಗ 240, 260, 280 ಎಂದು ಮನೆಮನೆ ತಟ್ಟುತ್ತ ಹೋಗಬೇಕು. ನನ್ನ ಕಾರ್ಡ್ ಮೊದಲ ಬಾಗಿಲಲ್ಲೇ ‘ಎಎ’ ಎಂದಿತು.

ಇಲ್ಲಿ ಆಟ ಹೇಗೆ ಸಿಕ್ಕಿಬೀಳುತ್ತದೆ ಎಂಬುದನ್ನು ಹತ್ತಿರದಿಂದ ನೋಡಬಹುದು. ಕಾರ್ಡಿಗೆ ಆಜ್ಞೆ ಕೊಡುವ ಮುನ್ನ 22ಸಿ ಪೋರ್ಟನ್ನು ಓದಿ, ಅದರ ಮೇಲಿನ ಬಿಟ್ ಸೊನ್ನೆಯಾಗುವವರೆಗೆ ಕಾಯಬೇಕೆಂಬುದು ನಿಯಮ. ಯಾರೂ ಇಲ್ಲದ ಪೋರ್ಟು ‘ಎಫ್‌ಎಫ್’ ಎನ್ನುತ್ತದೆ, ಅಂದರೆ ಎಂಟೂ ಬಿಟ್‌ಗಳ ಬೆಲೆ 1. ಎಷ್ಟು ಸಲ ಕೇಳಿ ಸುಮ್ಮನಾಗಬೇಕು ಎಂಬ ಮಿತಿಯನ್ನು ಬರೆದವನು ಇಟ್ಟಿಲ್ಲವಾದರೆ, ಆ ಬಿಟ್ ಸೊನ್ನೆಯಾಗುವ ಕಾಲ ಬರುವುದೇ ಇಲ್ಲ. ಎಚ್ಚರದಿಂದ ಬರೆದ ಆಟ ಇಷ್ಟು ಸಾವಿರ ಸಲ ಕೇಳಿ, ಕಾರ್ಡ್ ಇಲ್ಲ ಎಂದು ಬರೆದುಕೊಂಡು ಮುಂದೆ ಹೋಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಒಂದು ಎಣಿಕೆಯದ್ದು ಮಾತ್ರ. ಹಾರ್ಡ್‌ವೇರ್ ದೋಷ ಎಂದು ನಾವು ಕರೆಯುವುದರಲ್ಲಿ ಅರ್ಧ ಪಾಲು ಇಂಥ ಲೂಪುಗಳದ್ದು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಅಂಕಿ ಹೆಚ್ಚು ತಾಪತ್ರಯದ್ದು, ಅಷ್ಟೇ ಸ್ವಾರಸ್ಯದ್ದು. ಒಂದು ತುಂಡು ಸದ್ದು ಮುಗಿದಾಗ ಕಾರ್ಡ್ ಇಂಟರಪ್ಟ್ ಗೆರೆಯನ್ನು ಎಳೆದು ಮುಂದಿನದು ಕೊಡು ಎನ್ನುತ್ತದೆ. ಆಟ 7ರ ಗೆರೆಯ ಮೇಲೆ ಕಿವಿಯಿಟ್ಟು, ಕಾರ್ಡ್ 5ನ್ನು ಎಳೆಯುತ್ತಿದ್ದರೆ ಏನಾಗುತ್ತದೆ? ಹಳೆಯ ಕ್ರಮದಲ್ಲಿ, ಒಂದು ಸಲಕ್ಕೆ ಒಂದು ತುಂಡು ಕಳಿಸುವ ಕಡೆ, ಮೊದಲ ತುಂಡು ಕೇಳಿಸಿ ಮೌನ. ಸೌಂಡ್ ಬ್ಲಾಸ್ಟರ್ 2.0ರೊಂದಿಗೆ ಬಂದ, ತಾನೇ ಬಫರಿನ ಮೊದಲಿಗೆ ಮರಳುವ ಕ್ರಮದಲ್ಲಾದರೆ ಅದೇ ತುಂಡು ಗೆರೆ ಬಿದ್ದ ಗ್ರಾಮಫೋನ್ ತಟ್ಟೆಯಂತೆ ಮತ್ತೆ ಮತ್ತೆ. ಪರೀಕ್ಷೆಗೆಂದೇ ಒಂದು ಇಂಟರಪ್ಟ್ ಕೇಳಿ, ಅದು ಬರುವವರೆಗೆ ಮುಂದೆ ಹೋಗೆನೆಂದು ಕೂರುವ ಆಟವಾದರೆ ಸದ್ದೇ ಇಲ್ಲದೆ ನಿಲ್ಲುತ್ತದೆ. ಡಿಎಂಎ ತಪ್ಪಿದ್ದರೆ ಚಿತ್ರ ಬೇರೆ: ಕಾರ್ಡ್ ಒಂದು ಚಾನೆಲ್ಲಿನಲ್ಲಿ ಬೈಟಿಗಾಗಿ ಕೈಚಾಚಿ ನಿಂತಿರುತ್ತದೆ, ಆಟ ಇನ್ನೊಂದರಲ್ಲಿ ಬಡಿಸಿಟ್ಟಿರುತ್ತದೆ. ಮೊದಲ ತುಂಡೂ ಕೇಳುವುದಿಲ್ಲ. ಕಿವಿಯೇ ಇಲ್ಲಿ ಮೀಟರು.

ನನ್ನ ಯಂತ್ರದಲ್ಲಿ ಕೇಳಿದ್ದು ಗ್ರಾಮಫೋನ್ ತಟ್ಟೆ. ಆರಂಭದ ಮಾತಿನ ಮೊದಲ ಚೂರು ಬಿಟ್ಟೂಬಿಡದೆ ಕೇಳುತ್ತ ಪರದೆ ಕಪ್ಪಾಗೇ ಉಳಿಯಿತು. ಆಟೋಎಕ್ಸೆಕ್ ನೋಡಿದರೆ ಐ7 ಎಂದಿತ್ತು. ಮೊದಲ ಸೌಂಡ್ ಬ್ಲಾಸ್ಟರಿನ ಕಾರ್ಖಾನೆ ಅಂಕಿ 7, 16ರದ್ದು 5. ಕಾರ್ಡ್ ಬದಲಾದರೂ ಹಳೆಯ ಸಾಲನ್ನು ಯಾರೋ ಹಾಗೇ ಉಳಿಸಿಕೊಂಡಿದ್ದರು. ಊಹೆ ಸಾಲದು ಎಂದು ಕಾರ್ಡನ್ನೇ ಕೇಳಿದೆ. ಸೌಂಡ್ ಬ್ಲಾಸ್ಟರ್ 16ರ ಮಿಕ್ಸರಿನಲ್ಲಿ 80 ಎಂಬ ರಿಜಿಸ್ಟರಿದೆ. ‘ಓ 224 80’, ಆಮೇಲೆ ‘ಐ 225’. ಬಂದ ಉತ್ತರದ ಕೊನೆಯ ಅಂಕಿ ಮಾತ್ರ ಲೆಕ್ಕಕ್ಕೆ: 1 ಎಂದರೆ ಐಆರ್‌ಕ್ಯು 2, 2 ಎಂದರೆ 5, 4 ಎಂದರೆ 7, 8 ಎಂದರೆ 10. ನನಗೆ ಬಂದದ್ದು 2. ಸಾಲಿನಲ್ಲೂ ಆಟದ ಸೆಟಪ್ಪಿನಲ್ಲೂ 7ನ್ನು 5 ಮಾಡಿದೆ; ಆರಂಭದ ಮಾತು ಪೂರ್ತಿ ಕೇಳಿಸಿತು. ಆಟ ಮಾತ್ರ ಮುಂದಿನ ಹೆಜ್ಜೆಯಲ್ಲಿ, ಸಂಗೀತ ಶುರುವಾಗಬೇಕಾದ ಕಡೆ, ಮತ್ತೆ ನಿಂತಿತು. ಅದಕ್ಕೆ ಆಮೇಲೆ ಬರುತ್ತೇನೆ.

7ರ ಬಗ್ಗೆ ಒಂದು ಅಡ್ಡಮಾತು. ಪ್ರಿಂಟರ್ ಪೋರ್ಟಿನದ್ದೂ ಅದೇ ಗೆರೆ. ಡಾಸ್ ಪ್ರಿಂಟರಿಗೆ ಇಂಟರಪ್ಟ್ ಬಳಸುತ್ತಿರಲಿಲ್ಲವಾದ್ದರಿಂದ ಬಹಳ ಕಡೆ ಇಬ್ಬರೂ ಜಗಳವಿಲ್ಲದೆ ಬಾಳಿದರು. ಆದರೆ ಈ ಕಾರ್ಡುಗಳು ಕೂರುವ ಐಎಸ್‌ಎ ಬಸ್ಸಿನ ಇಂಟರಪ್ಟ್ ಗೆರೆ ಹಂಚಿಕೊಂಡು ಬಳಸುವಂಥದ್ದಲ್ಲ. ಎರಡನೆಯ ಕಾರ್ಡ್ ಗೆರೆಯನ್ನು ಹಿಡಿದಿಟ್ಟರೆ ಮೊದಲನೆಯದರ ಕೂಗು ಕೇಳುವುದಿಲ್ಲ. ಸಾಲದ್ದಕ್ಕೆ 8259 ಇಂಟರಪ್ಟ್ ಚಿಪ್ಪಿಗೆ ಒಂದು ಚಾಳಿ: ಯಾವುದೋ ಗೆರೆಯಲ್ಲಿ ಕ್ಷಣಿಕ ಗದ್ದಲ ಬಂದು ಮಾಯವಾದರೆ, ಯಾರು ಕೂಗಿದರೆಂದು ತಿಳಿಯದೆ 7 ಎಂದುಬಿಡುತ್ತದೆ. ಇಂಟರಪ್ಟ್ ಯಾವುದೆಂದು ತಾನೇ ಪತ್ತೆಹಚ್ಚುವ ಆಟಕ್ಕೆ ಇದು ಸುಳ್ಳು ಸಾಕ್ಷಿ.

ಘರ್ಷಣೆಗಳಲ್ಲಿ ನನಗೆ ಅತಿ ಅಪಾಯಕಾರಿ ಎನಿಸುವುದು ಅಡಾಪ್ಟೆಕ್ ಕಂಪನಿಯ 1542 ಎಂಬ ಸ್ಕಸಿ ಕಾರ್ಡಿನದ್ದು. ಅದರ ಕಾರ್ಖಾನೆ ಅಂಕಿಗಳು ಪೋರ್ಟ್ 330, ಡಿಎಂಎ 5. ಮೇಲಿನ ಬ್ಲಾಸ್ಟರ್ ಸಾಲಿನ ಪಿ330, ಎಚ್5ರ ಜೊತೆ ಇಟ್ಟು ನೋಡಿ. ಹಾರ್ಡ್ ಡಿಸ್ಕಿನ ಮಾಹಿತಿ ಓಡಾಡುವ ದಾರಿಯಲ್ಲೇ ಸದ್ದೂ ಓಡಾಡಲು ಹೊರಟರೆ ಕೆಡುವುದು ಆಟವೊಂದೇ ಅಲ್ಲ, ಡಿಸ್ಕಿನ ಮೇಲಿರುವುದೂ ಕೆಡಬಹುದು. ಆಟ ನಿಂತದ್ದು ಇಲ್ಲಿ ಪುಣ್ಯವೇ. ಇಂಥ ಯಂತ್ರದಲ್ಲಿ ಒಂದೊಂದೇ ಅಂಕಿ ಬದಲಿಸಿ ನೋಡೋಣ ಎಂಬ ಪ್ರಯೋಗಕ್ಕೆ ಇಳಿಯುವ ಮುನ್ನ ಡಿಸ್ಕಿನ ಪ್ರತಿ ತೆಗೆದಿಡಬೇಕು.

ಡ್ರೈವರಿನ ಮಾತಿಗೆ ಬರೋಣ. ಕಾನ್ಫಿಗ್ ಕಡತದಲ್ಲಿ ಕ್ರಿಯೇಟಿವ್‌ನವರು ಹಾಕಿಸುತ್ತಿದ್ದ ಸಿಟಿಎಸ್‌ಬಿ16 ಡ್ರೈವರ್ ಈ ಆಟಗಳಿಗೆ ಬೇಕಿಲ್ಲ. ಅದು ಕೂರುವುದು ಅಮೂಲ್ಯವಾದ 640 ಕಿಲೊಬೈಟಿನ ಒಳಗೆ. ಸದ್ದು ಸರಿಹೋಗಲೆಂದು ಡ್ರೈವರ್ ಸೇರಿಸಿ, ಆಟಕ್ಕೆ ಮೆಮೊರಿ ಸಾಲದೆ ಹೊಸ ಕಾರಣಕ್ಕೆ ನಿಲ್ಲುವುದನ್ನು ಕಂಡಿದ್ದೇನೆ. ಒಂದು ವಿನಾಯಿತಿ ಇದೆ: ಪ್ಲಗ್ ಅಂಡ್ ಪ್ಲೇ ಐಎಸ್‌ಎ ಕಾರ್ಡುಗಳು. ಅವು ಯಾರಾದರೂ ಎಬ್ಬಿಸುವವರೆಗೆ ಮಲಗಿರುತ್ತವೆ. ಸಿಟಿಸಿಎಂ ಎಂಬ ಪ್ರೋಗ್ರಾಂ ಓಡಿಸುವವರೆಗೆ 22ಎ ಪೋರ್ಟ್ ‘ಎಫ್‌ಎಫ್’ ಎನ್ನುತ್ತಲೇ ಇರುತ್ತದೆ.

ವೇಗದ್ದು ಇನ್ನೊಂದು ಕಥೆ. ಯಮಾಹಾ ಚಿಪ್ಪಿಗೆ ರಿಜಿಸ್ಟರಿನ ಸಂಖ್ಯೆ ಬರೆದ ಮೇಲೆ 3.3, ಬೆಲೆ ಬರೆದ ಮೇಲೆ 23 ಮೈಕ್ರೊಸೆಕೆಂಡು ಬಿಡುವು ಬೇಕು. ಬಲ್ಲವರು ಪೋರ್ಟನ್ನೇ 6 ಸಲ, 35 ಸಲ ಓದಿ ಹೊತ್ತು ಕಳೆಯುತ್ತಿದ್ದರು, ಏಕೆಂದರೆ ಪ್ರೊಸೆಸರ್ ಎಷ್ಟೇ ಓಡಿದರೂ ಐಎಸ್‌ಎ ಬಸ್ಸಿನ ನಡಿಗೆ ಹೆಚ್ಚುಕಡಿಮೆ ಒಂದೇ. ಖಾಲಿ ಲೂಪ್ ಸುತ್ತಿ ಹೊತ್ತು ಕಳೆದವರ ಆಟಗಳು ಮುಂದಿನ ಪೀಳಿಗೆಯ ಪ್ರೊಸೆಸರಿನ ಮೇಲೆ ಚಿಪ್ಪನ್ನೇ ಗುರುತಿಸದೆ ಹೋದವು. ಟರ್ಬೊ ಗುಂಡಿ ಒತ್ತಿ ವೇಗ ಇಳಿಸಿದಾಗ ಆಟ ಶುರುವಾದರೆ ಕಾರಣ ಇದೇ ಎಂದು ಹೆಚ್ಚಿನ ಭರವಸೆಯಿಂದ ಹೇಳಬಹುದು.

ದೋಷ ಸದ್ದಿನದ್ದೇ ಹೌದೋ ಅಲ್ಲವೋ ಎಂದು ಮೊದಲೇ ಬೇರ್ಪಡಿಸುವ ಉಪಾಯವನ್ನು ಆಟ ಬರೆದವರೇ ಬಿಟ್ಟುಹೋಗಿದ್ದಾರೆ. ಡೂಮ್‌ಗೆ ‘-ನೋಸೌಂಡ್’, ಸಂಗೀತ ಮಾತ್ರ ಬೇಡವೆಂದರೆ ‘-ನೋಮ್ಯೂಸಿಕ್’. 1992ರ ವುಲ್ಫೆನ್‌ಸ್ಟೈನ್ 3ಡಿಗೆ ‘ನೋಎಸ್‌ಬಿ’, ‘ನೋಎಎಲ್’: ಒಂದು ಸೌಂಡ್ ಬ್ಲಾಸ್ಟರನ್ನು, ಇನ್ನೊಂದು ಆಡ್‌ಲಿಬನ್ನು ಹುಡುಕಬೇಡ ಎನ್ನುತ್ತದೆ. ಇಂಥ ಕೀಲಿಗಳು ಇವೆ ಎಂಬುದೇ ಆ ಕಾಲದಲ್ಲಿ ಈ ಕಾಟ ಎಷ್ಟಿತ್ತೆಂಬುದಕ್ಕೆ ಪುರಾವೆ. ಇಂದು ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ ಆಡುವವರಿಗೂ ಇದೆಲ್ಲ ಅನ್ವಯಿಸುತ್ತದೆ: ಅದು ಸೌಂಡ್ ಬ್ಲಾಸ್ಟರ್ 16ನ್ನು ನಟಿಸಿದರೂ ತಾನಾಗಿ ಆರಿಸುವ ಐಆರ್‌ಕ್ಯು 7. ಐ5 ಎಂದು ಸೆಟಪ್ ಉಳಿಸಿಟ್ಟ ಹಳೆಯ ಫೋಲ್ಡರನ್ನು ನಕಲು ಮಾಡಿ ತಂದರೆ ಕಾರ್ಡೇ ಇಲ್ಲದ ಯಂತ್ರದಲ್ಲೂ ಗ್ರಾಮಫೋನ್ ತಟ್ಟೆ ಕೇಳಬಹುದು.

ವಿಂಡೋಸ್ ನಡುವೆ ಬಂದ ಮೇಲೆ ಆಟಗಳು ಪೋರ್ಟ್ ತಟ್ಟುವುದು ನಿಂತಿತು. ತಪ್ಪು ಬೇರೆ ವೇಷ ತೊಟ್ಟಿತು. ಹೆಡ್‌ಫೋನ್ ಕಿತ್ತು, ಸ್ಪೀಕರಿರುವ ಮಾನಿಟರೂ ಇಲ್ಲದ ಯಂತ್ರದಲ್ಲಿ ವಿಂಡೋಸಿಗೆ ಸದ್ದು ಕಳಿಸಲು ಒಂದು ಸಾಧನವೂ ಇರುವುದಿಲ್ಲ. ಆಟಗಳು ಸದ್ದಿಗೆ ಬಳಸುವ ವಿಂಡೋಸ್ ಲೈಬ್ರರಿ ಎಕ್ಸ್‌ಆಡಿಯೊ2 ಅದನ್ನು ದೋಷ ಎಂದು ತಿಳಿಸುತ್ತದೆ. ಅದು ತಿಳಿಸಿದ್ದನ್ನು ಓದದ ಆಟ ಇಲ್ಲದ ಸಾಧನವನ್ನು ಇದೆ ಎಂದುಕೊಂಡು ಮುನ್ನುಗ್ಗಿ ಕುಸಿಯುತ್ತದೆ. ಅಂದಿನ ಆಟ ಉತ್ತರಕ್ಕಾಗಿ ಕಾದು ಕೆಟ್ಟಿತು, ಇಂದಿನದು ಉತ್ತರ ಕೇಳಿಸಿಕೊಳ್ಳದೆ ಕೆಡುತ್ತದೆ. ಯಾವುದಾದರೂ ಒಂದು ಹೆಡ್‌ಫೋನ್ ಸಿಕ್ಕಿಸಿ ನೋಡುವುದು ಇಲ್ಲಿ ಮೊದಲ ಪರೀಕ್ಷೆ.

ನನ್ನ 486ರ ಎರಡನೆಯ ನಿಲುಗಡೆ ಬಾಕಿ ಇದೆ. ಸೆಟಪ್ಪಿನಲ್ಲಿ ಸಂಗೀತಕ್ಕೆ ಜನರಲ್ ಮಿಡಿ, ಪೋರ್ಟ್ 330 ಎಂದಿತ್ತು. ಸಂಗೀತವನ್ನು ಆಡ್‌ಲಿಬ್‌ಗೆ ಬದಲಿಸಿದಾಗ ಆಟ ಸರಾಗವಾಗಿ ಶುರುವಾಯಿತು. ಅಂದರೆ 330ರಲ್ಲಿ ಬೇರೆ ಯಾರೋ ಕೂತಿದ್ದಾರೆ. ಯಂತ್ರದಲ್ಲಿದ್ದ ಇನ್ನೊಂದು ಕಾರ್ಡ್ ಎನ್‌ಇ2000 ಜಾತಿಯ ನೆಟ್‌ವರ್ಕ್ ಕಾರ್ಡು. ಅದು 32 ಪೋರ್ಟ್‌ಗಳನ್ನು ಹಿಡಿಯುತ್ತದೆ, ಡೇಟಾ ಪೋರ್ಟ್ ಇರುವುದು ಮೂಲ ವಿಳಾಸಕ್ಕೆ ಹೆಕ್ಸ್ 10 ಸೇರಿಸಿದಲ್ಲಿ. ಮೂಲ 300 ಆಗಿದ್ದರೆ ತಂಟೆಯಿಲ್ಲ; 320 ಆಗಿದ್ದರೆ ಡೇಟಾ ಪೋರ್ಟ್ ನೇರ 330ಕ್ಕೆ ಬಂದು ಕೂರುತ್ತದೆ. ಜಂಪರ್ ನೋಡಲೆಂದು ಕ್ಯಾಬಿನೆಟ್ಟಿನ ಮುಚ್ಚಳ ಬಿಚ್ಚಿದೆ. ಮುಚ್ಚಳದ ಒಳಬದಿಗೆ ಹಳೆಯ ಯಜಮಾನ ಅಂಟಿಸಿದ್ದ, ಅಂಚು ಹಳದಿಯಾದ ಚೀಟಿ ಇತ್ತು. ನೀಲಿ ಬಾಲ್‌ಪೆನ್ನಿನಲ್ಲಿ ಎರಡು ಸಾಲು: ಸೌಂಡ್ 220, 5, 1, ನೆಟ್ 320, 3.